ಪಾಠದ ಮಾತು ಹದಕ್ಕೆ ಬರುವ ಬಗೆ

ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತಲಿನ ಯಾವ ಶಾಲೆಯ ಜಗಲಿಯಲ್ಲಿ ನಿಂತರೂ ಬೆಳಿಗ್ಗೆ ಕಿವಿಗೆ ಬೀಳುವ ಒಂದು ಇಂಗ್ಲಿಷ್ ವಾಕ್ಯವಿದೆ: ‘ಮೇ ಐ ಕಮಿನ್ ಸರ್?’ ಒಂದನೆಯ ತರಗತಿಯ ಮಗುವಿಗೂ ಅದು ಬರುತ್ತದೆ. ಅದರಲ್ಲಿ ಎಷ್ಟು ಪದಗಳಿವೆ, ‘ಮೇ’ ಎಂದರೇನು, ‘ಕಮ್’ ಮತ್ತು ‘ಇನ್’ ಎರಡು ಬೇರೆ ಪದಗಳೇ ಎಂಬುದೆಲ್ಲ ಆ ಮಗುವಿಗೆ ಇನ್ನೂ ಗೊತ್ತಿಲ್ಲ. ಆದರೆ ಅದನ್ನು ಹೊಸ್ತಿಲಿನ ಹೊರಗೆ ನಿಂತು ಹೇಳಬೇಕು, ಒಳಗಿರುವ ಶಿಕ್ಷಕರಿಗೆ ಹೇಳಬೇಕೇ ಹೊರತು ಗೆಳೆಯರಿಗಲ್ಲ, ಹೇಳಿದ ಮೇಲೆ ಉತ್ತರ ಬರುವವರೆಗೆ ಕಾಯಬೇಕು ಎಂಬುದಷ್ಟೂ ಗೊತ್ತಿದೆ. ಮನೆಯ ಬಾಗಿಲಲ್ಲಿ ಅದನ್ನು ಹೇಳಬಾರದು ಎಂಬುದೂ ಗೊತ್ತಿದೆ. ವಾಕ್ಯದ ರಚನೆ ತಿಳಿಯುವ ಮೊದಲೇ ಅದರ ಬಳಕೆಯನ್ನು ಮಗು ಪೂರ್ತಿಯಾಗಿ ಕಲಿತುಬಿಟ್ಟಿದೆ.

ಯಾರು, ಯಾರಿಗೆ, ಯಾವಾಗ, ಯಾವ ಉದ್ದೇಶಕ್ಕೆ, ಯಾವ ರೀತಿಯಲ್ಲಿ ಮಾತಾಡಬೇಕು ಎಂಬ ಈ ಅರಿವನ್ನು ಭಾಷಾವಿಜ್ಞಾನಿಗಳು ಪ್ರಾಗ್ಮ್ಯಾಟಿಕ್ಸ್ ಎಂದು ಕರೆಯುತ್ತಾರೆ. ಸರಳವಾಗಿ ಹೇಳುವುದಾದರೆ ಮಾತಿನ ಹದ. ತಾಯ್ನುಡಿಯಲ್ಲಿ ಇದನ್ನು ಯಾರೂ ನಮಗೆ ಪಾಠ ಮಾಡುವುದಿಲ್ಲ. ಹಿರಿಯರು ಗದರುತ್ತಾರೆ, ಕಣ್ಸನ್ನೆ ಮಾಡುತ್ತಾರೆ, ತಾವು ಹೇಗೆ ಮಾತಾಡುತ್ತಾರೆಂದು ಕೇಳಿಸುತ್ತಾರೆ. ಹತ್ತು ವರ್ಷ ತುಂಬುವುದರೊಳಗೆ ಹದ ಬಂದಿರುತ್ತದೆ. ಹೊಸ ಭಾಷೆಯಲ್ಲಿ ಅಷ್ಟು ಕಾಲವೂ ಇಲ್ಲ, ಅಷ್ಟು ಹಿರಿಯರೂ ಇಲ್ಲ. ಅವರೆಲ್ಲರ ಕೆಲಸವನ್ನು ಒಂದು ಪಠ್ಯಪುಸ್ತಕ, ವಾರಕ್ಕೆ ಕೆಲವು ಪಿರಿಯಡ್‌ಗಳಲ್ಲಿ, ಕಾಗದದ ಮೇಲೆ ಮಾಡಬೇಕು. ಹತ್ತು ಸಾಲಿನ ಒಂದು ಸಂಭಾಷಣೆ, ಕೆಳಗೆ ಮೂರು ಅಭ್ಯಾಸ, ಪಕ್ಕದಲ್ಲಿ ಒಂದು ಚಿತ್ರ. ಇಡೀ ಪುಸ್ತಕದಲ್ಲಿ ಅತ್ಯಂತ ಸುಲಭವಾಗಿ ಕಾಣುವ ಪುಟ ಅದು. ಕಟ್ಟಲು ಅತಿ ಹೆಚ್ಚು ಶ್ರಮ ಬೇಡುವ ಪುಟವೂ ಅದೇ.

ಈ ಪುಟ ಪಠ್ಯಪುಸ್ತಕಗಳೊಳಗೆ ಬಂದದ್ದು ತಡವಾಗಿ. 1950 ಮತ್ತು 60ರ ದಶಕಗಳ ನಮ್ಮ ಇಂಗ್ಲಿಷ್ ಪುಸ್ತಕಗಳು ವಾಕ್ಯರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದ ಪುಸ್ತಕಗಳು. ‘ದಿಸ್ ಈಸ್ ಎ ಬುಕ್’, ‘ಹೀ ಈಸ್ ಓಪನಿಂಗ್ ದ ಡೋರ್’ ಎಂಬಂಥ ವಾಕ್ಯಗಳನ್ನು ಮಕ್ಕಳು ಒಟ್ಟಾಗಿ ಹೇಳುತ್ತಿದ್ದರು. ಆ ಜೋಡಣೆಯೂ ಒಂದು ದೊಡ್ಡ ವಿದ್ಯೆ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಎಲ್ಲರ ಕಣ್ಣೆದುರಿಗೆ ಇರುವ ಪುಸ್ತಕವನ್ನು ತೋರಿಸಿ ‘ಇದು ಪುಸ್ತಕ’ ಎನ್ನುವ ಸಂದರ್ಭ ತರಗತಿಯ ಹೊರಗೆ ಯಾರಿಗೂ ಬರುವುದಿಲ್ಲ. ವಾಕ್ಯ ಸರಿಯಾಗಿತ್ತು, ಅದರಿಂದ ಆಗುವ ಕೆಲಸ ಯಾವುದೂ ಇರಲಿಲ್ಲ.

ಮಾತಿನಿಂದ ಕೆಲಸವಾಗುತ್ತದೆ ಎಂಬುದನ್ನು ತತ್ತ್ವಶಾಸ್ತ್ರದ ಕಡೆಯಿಂದ ಬಿಡಿಸಿ ತೋರಿಸಿದವರು ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್. 1955ರಲ್ಲಿ ಹಾರ್ವರ್ಡಿನಲ್ಲಿ ಅವರು ಕೊಟ್ಟ ಉಪನ್ಯಾಸಗಳು ಅವರು ತೀರಿಕೊಂಡ ನಂತರ, 1962ರಲ್ಲಿ ಪುಸ್ತಕವಾದವು. ಮಾತು ಕೊಡುವುದು, ಕ್ಷಮೆ ಕೇಳುವುದು, ಎಚ್ಚರಿಸುವುದು, ಆಹ್ವಾನಿಸುವುದು ಇವೆಲ್ಲ ಬರಿಯ ಹೇಳಿಕೆಗಳಲ್ಲ, ಮಾತಿನ ಮೂಲಕ ಮಾಡುವ ಕ್ರಿಯೆಗಳು ಎಂಬುದು ಅವರ ಮುಖ್ಯ ಕಾಣಿಕೆ. ವ್ಯಾಕರಣದ ನಿಯಮಗಳಷ್ಟೇ ಮುಖ್ಯವಾದ ಬಳಕೆಯ ನಿಯಮಗಳೂ ಇವೆ ಎಂದು ಅಮೆರಿಕದ ಡೆಲ್ ಹೈಮ್ಸ್ ವಾದಿಸಿದರು. ಈ ವಿಚಾರ ಪಠ್ಯಕ್ರಮದ ರೂಪ ತಾಳಿದ್ದು ಯುರೋಪಿನಲ್ಲಿ. ಕೌನ್ಸಿಲ್ ಆಫ್ ಯುರೋಪ್‌ಗಾಗಿ ವಾನ್ ಏಕ್ 1975ರಲ್ಲಿ ಸಿದ್ಧಪಡಿಸಿದ ‘ಥ್ರೆಶೋಲ್ಡ್ ಲೆವೆಲ್’ ಎಂಬ ದಾಖಲೆ, ಹೊಸ ಭಾಷೆಯಲ್ಲಿ ಬದುಕಬೇಕಾದವನು ಮಾಡಬೇಕಾದ ಮಾತಿನ ಕೆಲಸಗಳನ್ನು ಪಟ್ಟಿ ಮಾಡಿತು. ಕೇಳಿಕೊಳ್ಳುವುದು, ನಿರಾಕರಿಸುವುದು, ಒಪ್ಪುವುದು, ಸಂತೈಸುವುದು ಹೀಗೆ. ಇಂಥ ಪ್ರತಿಯೊಂದು ಕೆಲಸಕ್ಕೂ ‘ಲ್ಯಾಂಗ್ವೇಜ್ ಫಂಕ್ಷನ್’ ಎಂಬ ಹೆಸರು ಬಂತು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇವತ್ತು ಚಿರಪರಿಚಿತವಾದ ಮಾತು ಅದು.

ಈ ವಿದ್ಯೆಯಲ್ಲಿ ಕೈಯಾಡಿಸಿದ ಒಬ್ಬ ಹಿರಿಯ ವಿದ್ವಾಂಸರು ಶಂಕರಪುರದಿಂದ ದೂರವೇನಲ್ಲದ, ಕಾಪು ಸಮೀಪದ ಮಜೂರಿನವರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟಿನ ಪ್ರಧಾನ ಸಂಪಾದಕರಾದ ಡಾ. ಯು. ಪಿ. ಉಪಾಧ್ಯಾಯರನ್ನು ಕರಾವಳಿಯವರು ಆ ನಿಘಂಟಿನಿಂದಲೇ ನೆನೆಯುತ್ತಾರೆ. ಅದಕ್ಕೂ ಮೊದಲೇ, 1970ರ ದಶಕದಲ್ಲಿ, ಅವರು ಎನ್. ಡಿ. ಕೃಷ್ಣಮೂರ್ತಿಯವರೊಂದಿಗೆ ಸೇರಿ ಕನ್ನಡೇತರರಿಗೆ ಮಾತಿನ ಕನ್ನಡ ಕಲಿಸುವ ‘ಕಾನ್ವರ್ಸೇಶನಲ್ ಕನ್ನಡ’ ಎಂಬ ಪಠ್ಯವನ್ನು ರಚಿಸಿದ್ದರು. ಅದರ ಉಪಶೀರ್ಷಿಕೆಯಲ್ಲಿ ‘ಮೈಕ್ರೋವೇವ್’ ಎಂಬ ಪದವಿದೆ. ಅಡುಗೆಮನೆಯ ಒಲೆಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುತ್ತಿದ್ದ ಅರ್ಲ್ ಸ್ಟೀವಿಕ್ ರೂಪಿಸಿದ ಪಾಠಕ್ರಮದ ಹೆಸರು ಅದು. ಒಂದು ಪಾಠವೆಂದರೆ ಒಂದು ಚಿಕ್ಕ ಆವರ್ತ: ಒಂದು ಪ್ರಶ್ನೆ, ಅದಕ್ಕೆ ಬರಬಹುದಾದ ನಾಲ್ಕಾರು ಉತ್ತರ. ಮೊದಲ ಹಂತದಲ್ಲಿ ಕೇಳಿ ಅನುಕರಿಸುವುದು, ಪದ ಬದಲಿಸಿ ಹೇಳುವುದು. ಎರಡನೆಯ ಹಂತದಲ್ಲಿ ಅದೇ ಪ್ರಶ್ನೆಯನ್ನು ಪಕ್ಕದವರಿಗೆ ನಿಜವಾಗಿ ಕೇಳಿ, ನಿಜವಾದ ಉತ್ತರ ಪಡೆಯುವುದು. ‘ನಿಮ್ಮ ಮನೆ ಎಲ್ಲಿ?’ ಎಂದು ಕೇಳಿದಾಗ ಪುಸ್ತಕದ ಊರನ್ನಲ್ಲ, ತನ್ನ ಊರನ್ನು ಹೇಳಬೇಕು. ಕಲಿತ ವಾಕ್ಯ ಅದೇ ದಿನ ಬಳಕೆಗೆ ಬರಬೇಕೆಂಬುದು ಈ ಕ್ರಮದ ತಿರುಳು. ಇಂಗ್ಲಿಷ್ ಪಠ್ಯ ಬರೆಯುವವರಿಗೂ ಇದಕ್ಕಿಂತ ಒಳ್ಳೆಯ ಮೊದಲ ಸೂತ್ರ ಸಿಗದು ಎಂದು ನನ್ನ ನಂಬಿಕೆ.

ಇನ್ನು ಪುಟ ಕಟ್ಟುವ ಕೆಲಸಕ್ಕೆ ಬರೋಣ. ಕೇಳಿಕೊಳ್ಳುವ ಮಾತನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಏಕೆಂದರೆ ಮಕ್ಕಳಿಗೆ ಮೊದಲು ಬೇಕಾಗುವುದು ಅದು, ಕೆಡುವುದೂ ಅದರಲ್ಲೇ ಹೆಚ್ಚು.

ಪಠ್ಯ ಬರೆಯುವವರು ಮೊದಲು ಆರಿಸುವುದು ವಾಕ್ಯವನ್ನಲ್ಲ, ಮನುಷ್ಯರನ್ನು. ಯಾರು ಯಾರನ್ನು ಕೇಳುತ್ತಿದ್ದಾರೆ? ಮೂರು ವಿಷಯ ನಿರ್ಧಾರವಾಗಬೇಕು: ಅವರ ನಡುವಿನ ಪರಿಚಯ ಎಷ್ಟು, ಅವರಲ್ಲಿ ಯಾರು ಮೇಲು ಯಾರು ಕೆಳಗು, ಕೇಳುತ್ತಿರುವುದು ಎಷ್ಟು ಭಾರದ್ದು. ಪೆನ್ನು ಕೇಳುವುದು ಹಗುರ, ಸೈಕಲ್ ಕೇಳುವುದು ಅದಕ್ಕಿಂತ ಭಾರ, ಮೂರು ದಿನ ರಜೆ ಕೇಳುವುದು ಇನ್ನೂ ಭಾರ. ಪೆನೆಲೊಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಸೌಜನ್ಯದ ಮಾತಿನ ಬಗ್ಗೆ ಬರೆದ ಪ್ರಸಿದ್ಧ ಅಧ್ಯಯನದಿಂದ ಬಂದ ಅಳತೆಗಳಿವು. ಮೊದಲು 1978ರಲ್ಲಿ, ಪುಸ್ತಕವಾಗಿ 1987ರಲ್ಲಿ ಪ್ರಕಟವಾದ ಆ ಅಧ್ಯಯನದ ಸಾಮಗ್ರಿಯ ಒಂದು ಮುಖ್ಯ ಪಾಲು ಕೊಯಮತ್ತೂರು ಜಿಲ್ಲೆಯ ಒಂದು ಹಳ್ಳಿಯ ತಮಿಳಿನಿಂದ ಬಂದದ್ದು. ಮೇಲು ಕೀಳು, ಮನೆಯವರು ಹೊರಗಿನವರು ಎಂಬ ಭೇದ ಮಾತಿನಲ್ಲಿ ಎಷ್ಟು ಸೂಕ್ಷ್ಮವಾಗಿ ಮೂಡುತ್ತದೆ ಎಂಬುದಕ್ಕೆ ಜಗತ್ತಿಗೇ ಸಾಕ್ಷಿ ಒದಗಿಸಿದ್ದು ನಮ್ಮ ನೆರೆಯ ದ್ರಾವಿಡ ಭಾಷೆ.

ಪಾತ್ರಗಳು ನಿಂತ ಮೇಲೆ ಮಾತಿನ ಮೆಟ್ಟಿಲು. ಒಂದೇ ಕೋರಿಕೆಯನ್ನು ಬೇರೆ ಬೇರೆ ಎತ್ತರದಲ್ಲಿ ಹೇಳುವ ವಾಕ್ಯಗಳನ್ನು ಬರೆದುಕೊಳ್ಳುತ್ತಾರೆ. ‘ಗಿವ್ ಮೀ ಯುವರ್ ಪೆನ್.’ ಇದು ಕೆಳಗಿನದು. ‘ಗಿವ್ ಮೀ ಯುವರ್ ಪೆನ್, ಪ್ಲೀಸ್.’ ಇದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಒಂದೇ ಮೆಟ್ಟಿಲು. ‘ಕ್ಯಾನ್ ಐ ಬಾರೋ ಯುವರ್ ಪೆನ್?’ ಎಂದಾಗ ಆಜ್ಞೆ ಹೋಗಿ ಪ್ರಶ್ನೆ ಬಂತು, ಮತ್ತು ಮಾತಿನ ಕೇಂದ್ರ ನೀನು ಕೊಡುವುದರಿಂದ ನಾನು ಪಡೆಯುವುದಕ್ಕೆ ಸರಿಯಿತು. ‘ಕುಡ್ ಐ ಬಾರೋ ಯುವರ್ ಪೆನ್ ಫಾರ್ ಎ ಮಿನಿಟ್?’ ಎಂಬಲ್ಲಿ ಇನ್ನೆರಡು ಸಂಗತಿ ಸೇರಿವೆ: ‘ಕ್ಯಾನ್’ ಹೋಗಿ ‘ಕುಡ್’ ಆಯಿತು, ‘ಒಂದು ನಿಮಿಷಕ್ಕೆ’ ಎಂಬ ಮಿತಿ ಕೇಳಿಕೆಯ ಭಾರವನ್ನು ಇಳಿಸಿತು. ‘ಐ ವಾಸ್ ವಂಡರಿಂಗ್ ಇಫ್ ಐ ಕುಡ್ ಬಾರೋ ಯುವರ್ ಪೆನ್’ ಎನ್ನುವುದು ಮೇಲಿನ ಮೆಟ್ಟಿಲು. ಅದನ್ನು ಪಕ್ಕದ ಬೆಂಚಿನ ಗೆಳತಿಗೆ ಹೇಳಿದರೆ ಅವಳಿಗೆ ಮುಜುಗರವಾದೀತು. ಅತಿಯಾದ ವಿನಯವೂ ಹದ ತಪ್ಪಿದ ಮಾತೇ ಎಂದು ಮಗುವಿಗೆ ತಿಳಿಯುವುದು ಇಡೀ ಮೆಟ್ಟಿಲುಸಾಲನ್ನು ಒಟ್ಟಿಗೆ ನೋಡಿದಾಗ. ಅದಕ್ಕಾಗಿ ಒಳ್ಳೆಯ ಪುಸ್ತಕ ಸರಿ ವಾಕ್ಯವೊಂದನ್ನೇ ಕೊಡದೆ, ಎಲ್ಲ ಮೆಟ್ಟಿಲನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ.

ಕರಾವಳಿಯ ಮಗುವಿಗೆ ಇಲ್ಲಿ ಒಂದು ವಿಶೇಷ ಕಷ್ಟವಿದೆ. ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲಿ ಕುಳಿತಿದೆ: ಕೊಡು, ಕೊಡಿ. ತುಳುವಿನಲ್ಲೂ ಹಾಗೆಯೇ: ಕೊರ್ಲ, ಕೊರ್ಲೆ. ಬಾಲ್ಯದಿಂದ ನಾಲಿಗೆಯ ತುದಿಯಲ್ಲಿ ಗೌರವ ಹೇಳಿ ಅಭ್ಯಾಸವಾದ ಮಗು ಇಂಗ್ಲಿಷಿಗೆ ಬಂದರೆ ಅಲ್ಲಿ ಅಜ್ಜನಿಗೂ ತಮ್ಮನಿಗೂ ಒಂದೇ ‘ಯೂ’, ಒಂದೇ ‘ಗಿವ್’. ಗೌರವವನ್ನು ಎಲ್ಲಿಡಬೇಕೆಂದು ತಿಳಿಯದೆ ಅದು ಸಿಕ್ಕಿದ ಎರಡು ಪದಗಳನ್ನು ಹಿಡಿಯುತ್ತದೆ, ‘ಸರ್’ ಮತ್ತು ‘ಪ್ಲೀಸ್’. ‘ಸರ್, ಗಿವ್ ಲೀವ್ ಪ್ಲೀಸ್ ಸರ್’ ಎನ್ನುವ ಮಗುವಿನಲ್ಲಿ ವಿನಯ ತುಂಬಿದೆ. ಇಂಗ್ಲಿಷ್ ಕೇಳಿ ಬೆಳೆದವರ ಕಿವಿಗೆ ಮಾತ್ರ ಅದು ಆಜ್ಞೆಯಾಗಿಯೇ ಬೀಳುತ್ತದೆ. ಇಂಗ್ಲಿಷಿನಲ್ಲಿ ಗೌರವ ಇರುವುದು ವಾಕ್ಯದ ಆಕಾರದಲ್ಲಿ: ಪ್ರಶ್ನೆಯಾಗಿಸುವುದರಲ್ಲಿ, ಭೂತಕಾಲಕ್ಕೆ ಸರಿಸುವುದರಲ್ಲಿ, ಮಿತಿ ಹಾಕುವುದರಲ್ಲಿ. ಇಂಥ ಎಡವಟ್ಟುಗಳನ್ನು 1983ರಲ್ಲಿ ವಿಂಗಡಿಸಿದ ಜೆನಿ ಥಾಮಸ್, ಮಾತಿನ ಸಲಕರಣೆ ಗೊತ್ತಿಲ್ಲದೆ ಆಗುವ ತಪ್ಪು ಬೇರೆ, ಸಮಾಜದ ರೀತಿ ಬೇರೆಯಾದ್ದರಿಂದ ಆಗುವ ತಪ್ಪು ಬೇರೆ ಎಂದರು. ಮೇಲಿನದು ಮೊದಲ ಬಗೆಯದು. ಮಗುವಿನ ನಡತೆಯಲ್ಲಿ ದೋಷವಿಲ್ಲ, ಸಲಕರಣೆ ಒದಗಿಸಿದರೆ ಸಾಕು.

ಆ ಸಲಕರಣೆಗಳಲ್ಲಿ ಅತ್ಯಂತ ವಿಚಿತ್ರವಾಗಿ ಕಾಣುವುದು ಭೂತಕಾಲ. ಈಗ ಬೇಕಾದ ಪೆನ್ನಿಗೆ ‘ವಾಸ್’ ಏಕೆ? ವ್ಯಾಕರಣ ಪುಸ್ತಕದಲ್ಲಿ ಉತ್ತರ ಹುಡುಕಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಉತ್ತರ ಅವರ ಮನೆಯಲ್ಲೇ ಇದೆ. ನಮ್ಮ ಕಡೆ ಯಾರಾದರೂ ಸಹಾಯ ಕೇಳಲು ಬಂದರೆ ‘ನಿಮ್ಮ ಹತ್ರ ಒಂದು ವಿಷಯ ಮಾತಾಡ್ಲಿಕ್ಕಿತ್ತು’ ಎನ್ನುತ್ತಾರೆ. ಮಾತಾಡಬೇಕಾದದ್ದು ಈಗಲೇ, ಆದರೂ ‘ಇತ್ತು’. ನೀವು ಬೇಡವೆಂದರೆ ನಾನು ಹಿಂದೆ ಸರಿಯುತ್ತೇನೆ ಎಂಬ ಅವಕಾಶವನ್ನು ಆ ‘ಇತ್ತು’ ತೆರೆದಿಡುತ್ತದೆ. ಇಂಗ್ಲಿಷಿನ ‘ವಾಸ್ ವಂಡರಿಂಗ್’ ಮಾಡುವ ಕೆಲಸವೂ ಅದೇ. ಹೀಗೆ ಮನೆಯ ಮಾತಿನಿಂದ ಎಳೆ ಹಿಡಿದು ತೋರಿಸಿದರೆ ಮಗುವಿಗೆ ನಿಯಮ ಬಾಯಿಪಾಠ ಮಾಡುವ ಅಗತ್ಯ ಬೀಳದು. ಎಲ್ಲವೂ ಹೀಗೆ ಸಲೀಸಾಗಿ ದಾಟುವುದಿಲ್ಲ ಎಂಬುದನ್ನೂ ಪುಸ್ತಕ ತೋರಿಸಬೇಕು. ಕನ್ನಡದ ‘ಸ್ವಲ್ಪ ಪೆನ್ ಕೊಡಿ’, ತುಳುವಿನ ‘ಒಂತೆ’ ಇವು ಅಳತೆಯ ಪದಗಳಾಗಿ ನಿಲ್ಲದೆ ಮಾತನ್ನು ಮೆತ್ತಗೆ ಮಾಡುತ್ತವೆ. ‘ಎ ಲಿಟಲ್’ ಎಂದು ಹಾಗೇ ಇಂಗ್ಲಿಷಿಗೆ ತಂದರೆ ಅವು ಮತ್ತೆ ಅಳತೆಯೇ ಆಗಿಬಿಡುತ್ತವೆ.

ಒಂದು ಕೋರಿಕೆಯಲ್ಲಿ ಕೋರಿಕೆಯ ವಾಕ್ಯವೊಂದೇ ಇರುವುದಿಲ್ಲ. ಭಾಷಾವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿದಾಗ ಮೂರು ಭಾಗ ಕಂಡವು: ಗಮನ ಸೆಳೆಯುವ ಕರೆ, ಕಾರಣ ಮುಂತಾದ ಆಧಾರದ ಮಾತು, ತಿರುಳಾದ ಕೋರಿಕೆ. ‘ಎಕ್ಸ್‌ಕ್ಯೂಸ್ ಮೀ ಮ್ಯಾಡಮ್, ಮೈ ಪೆನ್ ಹ್ಯಾಸ್ ಸ್ಟಾಪ್ಡ್ ರೈಟಿಂಗ್. ಕುಡ್ ಐ ಬಾರೋ ಒನ್?’ ಎಂಬಲ್ಲಿ ಮೂರೂ ಇವೆ. ಕರೆಯ ವಿಷಯದಲ್ಲಿ ನಮ್ಮ ಪಠ್ಯಕಾರರು ಒಂದು ತೀರ್ಮಾನ ಮಾಡಬೇಕಾಗುತ್ತದೆ. ಅಪರಿಚಿತರನ್ನೂ ಅಕ್ಕ, ಅಣ್ಣ ಎಂದು ಕರೆಯುವ ನಾಡು ಇದು. ನಮ್ಮ ಇಂಗ್ಲಿಷಿನಲ್ಲಿ ಅದು ‘ಅಂಕಲ್’, ‘ಆಂಟಿ’ ಆಗಿದೆ. ಅದನ್ನು ಪಠ್ಯದಲ್ಲಿ ಅಚ್ಚು ಹಾಕಬೇಕೆ? ಹಾಕಬೇಕು ಎಂದು ನನಗನ್ನಿಸುತ್ತದೆ. ನಮ್ಮ ಮಕ್ಕಳು ಇಂಗ್ಲಿಷ್ ಮಾತಾಡುವುದು ಹೆಚ್ಚಾಗಿ ಭಾರತೀಯರ ಜೊತೆಗೇ. ಅಂಗಡಿಯವರನ್ನು ‘ಅಂಕಲ್’ ಎಂದರೆ ಇಲ್ಲಿ ಸಲ್ಲುತ್ತದೆ. ಆದರೆ ಶಂಕರಪುರದ ಮಗುವಿಗೆ ಮಣಿಪಾಲ ಬಹಳ ದೂರವಿಲ್ಲ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಂದಿನಿಂದ ದೇಶದ ಎಲ್ಲ ಕಡೆಯ, ಹೊರದೇಶಗಳ ಜನ ಬಂದು ಸೇರುತ್ತಿರುವ ಊರು ಅದು. ಆಸ್ಪತ್ರೆಯ ಕೌಂಟರಿನಲ್ಲಿ, ಲ್ಯಾಬಿನಲ್ಲಿ, ಹಾಸ್ಟೆಲಿನ ಕಚೇರಿಯಲ್ಲಿ ಕೂರಬೇಕಾದ ಹುಡುಗಿಗೆ ‘ಅಂಕಲ್’ ಸಾಲದು. ‘ವೇಟ್’ ಎನ್ನುವುದಕ್ಕೂ ‘ಕುಡ್ ಯೂ ವೇಟ್ ಫಾರ್ ಎ ವೈಲ್, ಸರ್?’ ಎನ್ನುವುದಕ್ಕೂ ನಡುವಿನ ಅಂತರ ಕೆಲಸದ ಮೊದಲ ದಿನವೇ ಬೇಕಾಗುತ್ತದೆ. ಪುಸ್ತಕದಲ್ಲಿ ಎರಡೂ ಇರಲಿ, ಯಾವುದು ಎಲ್ಲಿ ಎಂಬ ಗುರುತಿನೊಂದಿಗೆ.

ಈಗ ಸಂಭಾಷಣೆ ಬರೆಯುವ ಗಳಿಗೆ. ಇಲ್ಲಿ ಪಠ್ಯಕಾರರ ಕೈ ಎಷ್ಟು ಕಟ್ಟಿದೆ ಎಂದರೆ, ಆ ತರಗತಿಯ ಮಕ್ಕಳಿಗೆ ಪರಿಚಯವಾದ ಪದಗಳನ್ನು ಬಿಟ್ಟು ಹೊಸದು ನಾಲ್ಕೈದಕ್ಕಿಂತ ಹೆಚ್ಚು ಬರಬಾರದು, ಸಾಲುಗಳು ಒಂದು ಪುಟ ದಾಟಬಾರದು, ಇಬ್ಬರು ಮಕ್ಕಳು ಎದ್ದು ನಿಂತು ಓದಿದರೆ ಉಸಿರು ಕಟ್ಟಬಾರದು. ಆದ್ದರಿಂದ ನುರಿತವರು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ನೋಡುತ್ತಾರೆ. ಜಾಗ ಸಾಲದಾದಾಗ ಸಾಮಾನ್ಯವಾಗಿ ಮೊದಲು ಕತ್ತರಿಗೆ ಸಿಗುವುದು ‘ವೆಲ್’, ‘ಆ್ಯಕ್ಚುಲಿ’ ಎಂಬಂಥ ಚಿಕ್ಕ ಪದಗಳು. ಅರ್ಥವಿಲ್ಲದವು ಎಂದು ತೋರುವ ಅವುಗಳನ್ನು ಉಳಿಸಿಕೊಳ್ಳುವುದರಲ್ಲೇ ಕೌಶಲ ಕಾಣುವುದು. ‘ಆರ್ ಯೂ ಕಮಿಂಗ್ ಟುಮಾರೋ?’ ಎಂಬ ಪ್ರಶ್ನೆಗೆ ಉತ್ತರ ‘ವೆಲ್...’ ಎಂದು ಆರಂಭವಾದರೆ, ಮುಂದೆ ಬರುವುದು ಹೆಚ್ಚಾಗಿ ಕೇಳಿದವರಿಗೆ ಹಿತವಾಗುವ ಉತ್ತರವಲ್ಲ. ನಮ್ಮಲ್ಲಿ ‘ಅದು ಏನಂದ್ರೆ ಮಾರ್ರೆ...’ ಎಂದು ಶುರುವಾದರೆ ಹೇಗೋ ಹಾಗೆ. ಆ ಒಂದು ಪದವನ್ನು ಕತ್ತರಿಸಿದರೆ ವ್ಯಾಕರಣಕ್ಕೆ ಏನೂ ಆಗುವುದಿಲ್ಲ, ನಿರಾಕರಣೆ ಮಾತ್ರ ಕಲ್ಲಿನಂತೆ ಗಡುಸಾಗುತ್ತದೆ.

ಅಚ್ಚಿನಲ್ಲಿ ಹಿಡಿಯಲಾಗದ ಇನ್ನೊಂದು ಸಂಗತಿ ಸ್ವರದ ಏರಿಳಿತ. ಇದರ ಬೆಲೆ ಏನೆಂದು ತೋರಿಸಿದ ಒಂದು ಪ್ರಸಂಗ ಭಾಷಾವಿಜ್ಞಾನದಲ್ಲಿ ಬಹಳ ಪ್ರಸಿದ್ಧ. ಬ್ರಿಟನ್ನಿನ ದೊಡ್ಡ ವಿಮಾನನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿಗೆ ಹೊಸದಾಗಿ ಸೇರಿದ ಭಾರತ, ಪಾಕಿಸ್ತಾನಗಳ ಹೆಂಗಸರು ಒರಟಾಗಿ ನಡೆದುಕೊಳ್ಳುತ್ತಾರೆ ಎಂಬ ದೂರಿತ್ತು. ಜಾನ್ ಗಂಪರ್ಜ್ ಮತ್ತು ಅವರ ಸಂಗಡಿಗರು ಹೋಗಿ ಗಮನಿಸಿದರೆ ಅಲ್ಲಿ ನಡೆಯುತ್ತಿದ್ದ ಮಾತುಕತೆಯೇ ಅತ್ಯಲ್ಪ. ಮಾಂಸದ ಊಟ ತೆಗೆದುಕೊಂಡವರಿಗೆ ರಸ ಬೇಕೇ ಎಂದು ವಿಚಾರಿಸಲು ಬ್ರಿಟಿಷ್ ಹೆಂಗಸರು ‘ಗ್ರೇವಿ?’ ಎಂದು ಕೊನೆಯಲ್ಲಿ ಸ್ವರ ಏರಿಸುತ್ತಿದ್ದರು. ನಮ್ಮವರು ಅದೇ ಪದವನ್ನು ಸ್ವರ ಇಳಿಸಿ ಹೇಳುತ್ತಿದ್ದರು. ಅವರ ಮಟ್ಟಿಗೆ ಅದು ಸಹಜವಾದ ಪ್ರಶ್ನೆ. ಕೇಳಿದವರಿಗೆ ಅದು ‘ಇದು ಗ್ರೇವಿ, ಬೇಕಾದರೆ ತಗೋ’ ಎಂಬಂತೆ ಕೇಳಿಸಿತ್ತು. ಒಂದೇ ಪದ, ಒಂದು ಇಳಿದ ಸ್ವರ, ಅಷ್ಟಕ್ಕೆ ಎರಡೂ ಕಡೆ ಮನಸ್ಸು ಮುರಿದಿತ್ತು. ಧ್ವನಿಮುದ್ರಣ ಕೇಳಿಸಿದ ಮೇಲೆ ಇಬ್ಬರಿಗೂ ವಿಷಯ ಗೊತ್ತಾಯಿತು. ಗಂಪರ್ಜ್ 1982ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಇಂಥ ತಪ್ಪುತಿಳಿವಳಿಕೆಗಳ ಬಗ್ಗೆ ಬಿಬಿಸಿ 1979ರಲ್ಲಿ ‘ಕ್ರಾಸ್‌ಟಾಕ್’ ಎಂಬ ಕಾರ್ಯಕ್ರಮವನ್ನೂ ಮಾಡಿತ್ತು.

ಪಠ್ಯಕಾರರು ಈ ಏರಿಳಿತವನ್ನು ಕಾಗದಕ್ಕೆ ತರಲು ಪದದ ಮೇಲೆ ಬಾಣದ ಗುರುತು ಹಾಕುತ್ತಾರೆ, ಒತ್ತಿ ಹೇಳಬೇಕಾದ ಪದವನ್ನು ದಪ್ಪ ಅಕ್ಷರದಲ್ಲಿ ಕೊಡುತ್ತಾರೆ. ಈಚಿನ ಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಕೂಡ ಇರುತ್ತದೆ. ಆದರೆ ಕೊನೆಗೂ ಭಾರ ಬೀಳುವುದು ಶಿಕ್ಷಕರ ಗಂಟಲ ಮೇಲೆ. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿರುವುದು ಈ ಕಾರಣಕ್ಕೂ ಮುಖ್ಯ. ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಧ್ವನಿ ಕೊಡುವವರು ತರಗತಿಯಲ್ಲಿರುವ ಒಬ್ಬರು.

ಮಾತು ಮುಗಿಸುವ ಬಗೆಯನ್ನೂ ಕಲಿಸಬೇಕಾಗುತ್ತದೆ. ಪಾಠಗಳ ಸಂಭಾಷಣೆ ಎಷ್ಟೋ ಸಲ ವಿಷಯ ಮುಗಿದ ಕೂಡಲೇ ಕತ್ತರಿಸಿದಂತೆ ನಿಂತುಬಿಡುತ್ತದೆ. ನಿಜ ಜೀವನದಲ್ಲಿ ಹಾಗೆ ಫೋನ್ ಇಟ್ಟರೆ ಎದುರಿನವರು ಸಿಟ್ಟು ಬಂತೇನೋ ಎಂದುಕೊಳ್ಳುತ್ತಾರೆ. ‘ಆಯ್ತು ಹಾಗಾದ್ರೆ’, ‘ಹಾಂ, ಸರಿ’, ‘ಬರ್ತೇನೆ’, ‘ಹಾಂ, ಬನ್ನಿ’ ಎಂದು ನಾವು ಮೂರು ನಾಲ್ಕು ಹೆಜ್ಜೆಯಲ್ಲಿ ಹೊರಬರುತ್ತೇವೆ. ಇಂಗ್ಲಿಷಿಗೂ ಅಂಥ ಹೆಜ್ಜೆಗಳಿವೆ: ‘ಓಕೆ ದೆನ್’, ‘ಐಡ್ ಬೆಟರ್ ಗೋ’, ‘ಸೀ ಯೂ’. ಕ್ಯಾಥ್ಲೀನ್ ಬಾರ್ಡೋವಿ-ಹಾರ್ಲಿಗ್ ಮತ್ತು ಸಂಗಡಿಗರು 1991ರಲ್ಲಿ ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಪರಿಶೀಲಿಸಿ, ಸಂಭಾಷಣೆಯ ಮುಕ್ತಾಯ ಪೂರ್ತಿಯಾಗಿ ಕಾಣುವುದು ವಿರಳ ಎಂದು ತೋರಿಸಿದ್ದರು. ಎರಡು ಸಾಲು ಹೆಚ್ಚು ಜಾಗ ಸಿಕ್ಕಿದರೆ ಸರಿಹೋಗುವ ಕೊರತೆ ಅದು.

ಸಂಭಾಷಣೆ ನಿಂತ ಮೇಲೆ ಅಭ್ಯಾಸಗಳು. ಅವುಗಳಿಗೂ ಒಂದು ಕ್ರಮವಿದೆ: ಮೊದಲು ಗುರುತಿಸುವುದು, ಆಮೇಲೆ ಬಿಟ್ಟ ಸ್ಥಳ ತುಂಬುವುದು, ಆಮೇಲೆ ಆಯ್ಕೆ ಮಾಡುವುದು, ಕೊನೆಗೆ ಸ್ವಂತವಾಗಿ ಆಡುವುದು. ನಮ್ಮ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬರುವುದು ಮೊದಲನೆಯ ಹಂತ. ಒಂದು ಪುಟ್ಟ ಸಂಭಾಷಣೆ ಕೊಟ್ಟು, ಗೆರೆ ಎಳೆದ ವಾಕ್ಯ ಯಾವ ಕೆಲಸ ಮಾಡುತ್ತಿದೆ, ಕೋರಿಕೆಯೇ, ಸಲಹೆಯೇ, ಸಹಾಯ ನೀಡುವುದೇ ಎಂದು ಕೇಳುತ್ತಾರೆ. ವಾಕ್ಯದ ರೂಪಕ್ಕೂ ಕೆಲಸಕ್ಕೂ ವ್ಯತ್ಯಾಸವಿದೆ ಎಂಬ ಒಂದು ಮೂಲಭೂತ ವಿಷಯವನ್ನು ಈ ಪ್ರಶ್ನೆ ರಾಜ್ಯದ ಲಕ್ಷಾಂತರ ಮಕ್ಕಳ ಮುಂದೆ ಇಟ್ಟಿದೆ. ‘ಶಲ್ ಐ ಕ್ಯಾರಿ ದಿಸ್ ಫಾರ್ ಯೂ?’ ಎಂಬುದು ನೋಡಲು ಪ್ರಶ್ನೆ, ಮಾಡುವ ಕೆಲಸ ನೆರವಿಗೆ ಮುಂದಾಗುವುದು. ಇದು ಸಣ್ಣ ಸಾಧನೆಯಲ್ಲ. ಆದರೆ ಗುರುತಿಸುವ ಹಂತದಲ್ಲೇ ತರಗತಿಯೂ ನಿಂತುಬಿಟ್ಟರೆ, ಮಗು ಕೋರಿಕೆಗೆ ಹೆಸರಿಡುವುದನ್ನು ಕಲಿಯುತ್ತದೆ, ಕೋರುವುದನ್ನಲ್ಲ.

ಮುಂದಿನ ಹಂತಗಳಿಗೆ ದಾರಿ ತೋರಿದ ಒಂದು ದೊಡ್ಡ ಪ್ರಯೋಗ ಬೆಂಗಳೂರಿನ ಹೆಸರಿನದೇ. 1979ರಲ್ಲಿ ಎನ್. ಎಸ್. ಪ್ರಭು ಅವರು ಆರಂಭಿಸಿದ, ಬೆಂಗಳೂರು ಯೋಜನೆ ಎಂದೇ ಜಗತ್ತಿನ ಭಾಷಾಶಿಕ್ಷಕರೆಲ್ಲ ಹೆಸರಿಸುವ ಪ್ರಯೋಗ 1984ರವರೆಗೆ ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ನಡೆಯಿತು. ವಾಕ್ಯರಚನೆಗಳ ಪಟ್ಟಿಯಾಗಲಿ ಫಂಕ್ಷನ್‌ಗಳ ಪಟ್ಟಿಯಾಗಲಿ ಬೇಡ, ಮಕ್ಕಳಿಗೆ ತಲೆ ಓಡಿಸಬೇಕಾದ ಕೆಲಸ ಕೊಡಿ ಎಂದರು ಪ್ರಭು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ತೀರ್ಮಾನಿಸುವುದು, ನಕ್ಷೆ ನೋಡಿ ದಾರಿ ಹೇಳುವುದು ಇಂಥವು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಂತೆ ಕೆಲಸವನ್ನು ರೂಪಿಸಿದರೆ ಮಾತಾಡಲೇಬೇಕಾಗುತ್ತದೆ. ಇದನ್ನು ಅವರು ಮಾಹಿತಿಯ ಅಂತರ ಎಂದರು. 1987ರಲ್ಲಿ ಬಂದ ಅವರ ಪುಸ್ತಕ ಇವತ್ತಿಗೂ ಪಾಠ ಬರೆಯುವವರ ಮೇಜಿನ ಮೇಲಿರಬೇಕಾದದ್ದು. ಫಂಕ್ಷನ್‌ಗಳ ಪಟ್ಟಿಯನ್ನು ಅವರು ಒಪ್ಪದಿದ್ದರೂ, ಫಂಕ್ಷನ್ ಕಲಿಸುವ ಪುಟಕ್ಕೆ ಜೀವ ತುಂಬುವುದು ಅವರ ಮಾಹಿತಿಯ ಅಂತರವೇ.

ಇದನ್ನು ಶಂಕರಪುರದ ನೆಲದಲ್ಲಿ ಕಟ್ಟಿ ನೋಡೋಣ. ಪೇಟೆಯ ಪಾಠವೆಂದರೆ ಸಾಮಾನ್ಯವಾಗಿ ಚೌಕಾಸಿಯ ಪಾಠ: ಬೆಲೆ ಎಷ್ಟು, ಅದು ಜಾಸ್ತಿಯಾಯಿತು, ಕಡಿಮೆ ಮಾಡಿ. ಇಲ್ಲಿ ಬೆಳೆಯುವ ಮಲ್ಲಿಗೆಯ ವ್ಯಾಪಾರಕ್ಕೆ ಅದು ಒಗ್ಗದು. ಹೂವಿನ ಲೆಕ್ಕ ಚೆಂಡು, ಅಟ್ಟೆಗಳಲ್ಲಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ಆಯಾ ದಿನಕ್ಕೆ ಇಲ್ಲಿಯೇ ನಿಗದಿಯಾಗುತ್ತದೆ, ಹೂ ಮಾರುವ ಕಟ್ಟೆಯಲ್ಲಿ ನಿಂತು ಹೆಚ್ಚುಕಡಿಮೆ ಮಾಡುವ ಮಾತಿಲ್ಲ. ಆದರೆ ‘ಇವತ್ತು ಹೂವಿಲ್ಲ’ ಎಂದು ಹೇಳಬೇಕಾದ ಪ್ರಸಂಗ ಮಳೆಗಾಲದಲ್ಲಿ, ಮದುವೆಯ ದಿನಗಳಲ್ಲಿ ಬರುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿನ ಪುಟಕ್ಕೆ ಚೌಕಾಸಿಗಿಂತ ನಿರಾಕರಣೆ ಹೆಚ್ಚು ಸರಿ. ಮಾತಿನ ಕೆಲಸಗಳಲ್ಲೆಲ್ಲ ಅತಿ ಕಷ್ಟವಾದದ್ದೂ ಅದೇ.

ಇಬ್ಬರು ಮಕ್ಕಳಿಗೆ ಎರಡು ಚೀಟಿ. ಮೊದಲನೆಯದರಲ್ಲಿ: ನೀವು ಮಣಿಪಾಲದಲ್ಲಿದ್ದೀರಿ, ಕನ್ನಡ ಬಾರದು, ನಾಳೆ ಮನೆಯಲ್ಲಿ ಮದುವೆ, ಐದು ಅಟ್ಟೆ ಮಲ್ಲಿಗೆ ಬೇಕು. ಎರಡನೆಯದರಲ್ಲಿ: ನೀವು ಹೂವಿನ ವ್ಯಾಪಾರಿ, ರಾತ್ರಿ ಜೋರು ಮಳೆ ಬಂದಿದೆ, ಮೊಗ್ಗು ಕಡಿಮೆ, ಎರಡು ಅಟ್ಟೆಗಿಂತ ಹೆಚ್ಚು ಕೊಡಲಾಗದು, ಗಿರಾಕಿಯನ್ನು ಕಳೆದುಕೊಳ್ಳಬಾರದು. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ. ಮಕ್ಕಳು ಮೊದಲ ಸಲ ಆಡಿದಾಗ ಬರುವುದು ಬಹುಶಃ ‘ನೋ, ನಾಟ್ ಪಾಸಿಬಲ್’, ಇಲ್ಲವೇ ನಮ್ಮ ‘ನೋಡುವ’ ಎಂಬುದರ ನೇರ ಅನುವಾದವಾದ ‘ವಿ ವಿಲ್ ಸೀ’. ಊರಿನಲ್ಲಿ ‘ನೋಡುವ’ ಎಂದರೆ ಆಗಲಿಕ್ಕಿಲ್ಲ ಎಂಬುದರ ಮರ್ಯಾದೆಯ ರೂಪ ಎಂದು ಎಲ್ಲರಿಗೂ ಗೊತ್ತು. ತುಳುವಿನ ‘ತೂಕ’ ಕೂಡ ಹಾಗೇ. ಇಂಗ್ಲಿಷಿನಲ್ಲಿ ಕೇಳಿದ ಗಿರಾಕಿ ಮಾತ್ರ ಹೂ ಸಿಗಬಹುದೆಂದು ನಾಳೆ ಬೆಳಿಗ್ಗೆ ಬಂದು ನಿಲ್ಲುತ್ತಾರೆ.

ಇಷ್ಟಾದ ಮೇಲೆ ಪುಸ್ತಕ ತನ್ನ ಮಾದರಿ ತೋರಿಸುತ್ತದೆ, ಮೊದಲಿಗಲ್ಲ. ‘ವೆಲ್, ಐ ವಿಶ್ ಐ ಕುಡ್, ಬಟ್ ವಿ ಹ್ಯಾಡ್ ಹೆವಿ ರೇನ್ ಲಾಸ್ಟ್ ನೈಟ್. ಐ ಕ್ಯಾನ್ ಗಿವ್ ಯೂ ಟೂ ಅಟ್ಟೆ. ವುಡ್ ದಟ್ ಬಿ ಆಲ್‌ರೈಟ್?’ ಮಕ್ಕಳು ಇದನ್ನು ಬಿಡಿಸಿ ನೋಡುತ್ತಾರೆ. ತಡೆದು ಆರಂಭಿಸಿದ್ದು, ಕೊಡುವ ಮನಸ್ಸಿತ್ತು ಎಂದದ್ದು, ಕಾರಣ, ಬದಲಿ ದಾರಿ, ಒಪ್ಪಿಗೆ ಕೇಳಿದ್ದು. ‘ನೋ’ ಎಂಬ ಪದ ಎಲ್ಲೂ ಇಲ್ಲ, ಆದರೂ ಐದು ಅಟ್ಟೆ ಸಿಗುವುದಿಲ್ಲ ಎಂಬುದರಲ್ಲಿ ಸಂಶಯವಿಲ್ಲ. ಅಟ್ಟೆ ಎಂಬ ಪದವನ್ನು ಇಂಗ್ಲಿಷ್ ವಾಕ್ಯದಲ್ಲಿ ಹಾಗೆಯೇ ಬಿಟ್ಟದ್ದಕ್ಕೂ ಕಾರಣವಿದೆ: ಗಿರಾಕಿ ಅದೇನೆಂದು ಕೇಳುತ್ತಾರೆ, ವ್ಯಾಪಾರಿ ವಿವರಿಸಬೇಕಾಗುತ್ತದೆ, ಇನ್ನೊಂದು ಮಾತಿನ ಕೆಲಸ ತಾನಾಗಿ ಒದಗುತ್ತದೆ.

ಮುಂದಿನ ಸುತ್ತಿನಲ್ಲಿ ಚೀಟಿಯ ಒಂದೇ ಸಾಲು ಬದಲಾಗುತ್ತದೆ. ಗಿರಾಕಿ ಈಗ ಅಪರಿಚಿತರಲ್ಲ, ವ್ಯಾಪಾರಿಯ ಜೊತೆ ಓದಿದ ಗೆಳತಿ. ಅದೇ ಮಳೆ, ಅದೇ ಎರಡು ಅಟ್ಟೆ. ಮಕ್ಕಳ ವಾಕ್ಯ ಚಿಕ್ಕದಾಗುತ್ತದೆ: ‘ಸಾರಿ, ಐ ಹ್ಯಾವ್ ಓನ್ಲಿ ಟೂ. ಓಕೆ?’ ಶಿಕ್ಷಕರು ಎರಡೂ ಉತ್ತರಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಬರೆದು, ಏನು ಬಿಟ್ಟುಹೋಯಿತು, ಬಿಟ್ಟದ್ದು ಏಕೆ ಸರಿಯಾಯಿತು, ಗೆಳತಿಯ ಬದಲು ಅವಳ ಅಮ್ಮ ಬಂದಿದ್ದರೆ ಯಾವುದನ್ನು ಮತ್ತೆ ಸೇರಿಸುತ್ತೀರಿ ಎಂದು ಕೇಳುತ್ತಾರೆ. ಶಿಕ್ಷಕರ ಕೈಪಿಡಿಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಅಚ್ಚಾಗಿರಬಾರದು. ಕಾರಣ ಹೇಳಬಲ್ಲ ಯಾವ ಉತ್ತರವನ್ನೂ ಒಪ್ಪಿಕೊಳ್ಳಿ ಎಂಬ ಒಂದು ಸೂಚನೆ ಇದ್ದರೆ ಸಾಕು.